ಆಕಾಶ ದಿಲ್ಲಿದು, ಬೀಳೋ ನೆಲ ಯಾರದು?

ಪುಣೆಯ ಬಾವಧನ್‌ನಲ್ಲಿ ಮನೆ ಮಾಡಿ ಹನ್ನೊಂದು ವರ್ಷ ಆಯ್ತು. ಮಳೆಗಾಲ ಮುಗಿಯೋ ಹೊತ್ತಿಗೆ ಇಲ್ಲಿ ಎದುರಿನ ಗುಡ್ಡ ಬೆಳಗ್ಗೆ ಎಂಟರವರೆಗೂ ಮಂಜಲ್ಲಿ ನಾಪತ್ತೆ. 2024ರ ಅಕ್ಟೋಬರ್ 2, ಗಾಂಧಿ ಜಯಂತಿ. ಇಲ್ಲಿನ ಗಾಲ್ಫ್ ಕೋರ್ಸ್ ಹೆಲಿಪ್ಯಾಡ್‌ನಿಂದ ಮುಂಬೈನ ಜುಹುಗೆ ಅಂತ ಎದ್ದ ಹೆಲಿಕಾಪ್ಟರ್ ಸ್ವಲ್ಪ ಹೊತ್ತಿಗೇ ಬಿದ್ದು ಸುಟ್ಟುಹೋಯ್ತು. ಇಬ್ಬರು ಪೈಲಟ್, ಒಬ್ಬ ಎಂಜಿನಿಯರ್, ಮೂವರೂ ಉಳೀಲಿಲ್ಲ. ಅದಕ್ಕೂ ಮುಂಚೆ ಆಗಸ್ಟ್ 24ಕ್ಕೆ ಪುಣೆ ಜಿಲ್ಲೆಯದ್ದೇ ಪೌಡ್ ಹತ್ತಿರ ಇನ್ನೊಂದು ಬಿದ್ದಿತ್ತು. ಅದರಲ್ಲಿದ್ದ ನಾಲ್ವರು ಬದುಕಿದ್ರು, ಪುಣ್ಯ.

ವಿಜಯಪುರದಿಂದ ಅಣ್ಣನ ಫೋನ್. "ನಿಮ್ಮ ಸರಕಾರ ಏನ್ ಮಾಡಾಕತ್ತೈತೋ?"

ನಾನು ಶಾಣ್ಯಾತನ ತೋರಿಸಿದೆ. ವಿಮಾನಯಾನ ಕೇಂದ್ರಪಟ್ಟಿಯ ವಿಷಯ, ಲೈಸೆನ್ಸು ತಪಾಸಣೆ ಎಲ್ಲ ಕೇಂದ್ರದ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎ, ತನಿಖೆ ಕೇಂದ್ರದ್ದೇ ಅಪಘಾತ ತನಿಖಾ ಸಂಸ್ಥೆ ಎಎಐಬಿ, ರಾಜ್ಯದ ಕೈಲಿ ಏನಿಲ್ಲ ಅಂದೆ.

"ಹಂಗಾರ ಬೆಂಕಿ ಆರ್ಸಾಕ ಬಂದವ್ರು ದಿಲ್ಲಿಯವ್ರೇನು?"

ಉತ್ತರ ಹೊಳೀಲಿಲ್ಲ.

ಮಂತ್ರಿ ಬರ್ತಾರೆ ಅಂದ್ರೆ ಹೆಲಿಕಾಪ್ಟರ್ ಇಳಿಯೋಕೆ ಹೊಲದಲ್ಲಿ ಸುಣ್ಣದ 'ಎಚ್' ಬರೆಸೋದು ಲೋಕೋಪಯೋಗಿ ಇಲಾಖೆ. ಧೂಳು ಏಳದ ಹಾಗೆ ನೀರು ಹೊಡೆಸೋದು, ಪೊಲೀಸು, ಅಗ್ನಿಶಾಮಕ ವಾಹನ, ಆಂಬುಲೆನ್ಸು, ಎಲ್ಲ ಜಿಲ್ಲಾಧಿಕಾರಿ ಕಡೆಯವರದ್ದೇ. 2017ರ ಮೇ 25ಕ್ಕೆ ಲಾತೂರಿನ ನಿಲಂಗಾದಲ್ಲಿ ಮುಖ್ಯಮಂತ್ರಿ ಫಡ್ನವೀಸ್ ಅವರಿದ್ದ ಹೆಲಿಕಾಪ್ಟರ್ ಮೇಲೇಳ್ತಿದ್ದಂಗೇ ತಂತಿಗೆ ಸಿಕ್ಕಿ ಬಿತ್ತು. ಅದು ಸರಕಾರದ್ದೇ ಹೆಲಿಕಾಪ್ಟರ್. ಎಲ್ಲರೂ ಪಾರಾದ್ರು. ಆ ತಂತಿ ಎಲ್ಲಿ ಹಾದಿದೆ ಅಂತ ದಿಲ್ಲಿಗೆ ಹೆಂಗೆ ಗೊತ್ತಿರುತ್ತೆ? ಊರಿನ ಲೈನ್‌ಮನ್‌ಗೆ ಗೊತ್ತು. ಅವನನ್ನ ಕೇಳೋರು ಬೇಕು ಅಷ್ಟೇ.

ಹುಡುಕಾಟದ ಕಥೆನೂ ಹಿಂಗೇ. ವಿಮಾನದಲ್ಲಿ 406 ಮೆಗಾಹರ್ಟ್ಸ್‌ನ ಬೀಕನ್, ಅಂದ್ರೆ ಅಪಾಯದ ಸಂಕೇತ ಕಳಿಸೋ ಯಂತ್ರ, ಇರುತ್ತೆ. ಅಪಘಾತ ಆದಾಗ ಅದರ ಕೂಗು ಉಪಗ್ರಹ ಹಿಡಿದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಮುಟ್ಟಿಸುತ್ತೆ (ಇಲ್ಲಿ ನಾವು ಸ್ವಲ್ಪ ಬೀಗಬಹುದು). ಅಲ್ಲಿಂದ ಸುದ್ದಿ ಮುಂಬೈನಂಥ ರಕ್ಷಣಾ ಸಮನ್ವಯ ಕೇಂದ್ರಕ್ಕೆ. ಸಮುದ್ರ ಆದ್ರೆ ಕೋಸ್ಟ್ ಗಾರ್ಡ್ ಇದೆ. ನಮ್ಮ ಪಕ್ಕದ ಮುಳಶಿಯ ಗುಡ್ಡ ಆದ್ರೆ? ಬೀಕನ್ನೇ ಸುಟ್ಟುಹೋದ್ರೆ? 2009ರ ಸೆಪ್ಟೆಂಬರ್ 2ಕ್ಕೆ ಆಂಧ್ರದ ಮುಖ್ಯಮಂತ್ರಿ ರಾಜಶೇಖರ ರೆಡ್ಡಿ ಇದ್ದ ಹೆಲಿಕಾಪ್ಟರ್ ನಲ್ಲಮಲ ಕಾಡಲ್ಲಿ ಸಿಕ್ಕಿದ್ದು ಮರುದಿನ ಬೆಳಗ್ಗೆ. ವಾಯುಪಡೆ ಹುಡುಕಿದ್ರೂ ಅಷ್ಟು ಹೊತ್ತಾಯ್ತು. ಮುಖ್ಯಮಂತ್ರಿಯ ಪಾಡೇ ಹಂಗಾದ್ರೆ ನಮ್ಮಂಥವರದ್ದು ಬಿಡಿ.

ಹಂಗಂತ ರಾಜ್ಯಕ್ಕೊಂದು ಡಿಜಿಸಿಎ ಬೇಡ. ಇನ್ನೊಂದು ಆಫೀಸು, ಇನ್ನೊಂದು ಠಸ್ಸೆ. ನನಗೆ ಬೇಕಿರೋದು ನೆಲದ ಕೆಲಸ. ತಾಲ್ಲೂಕಿನ ಹೆಲಿಪ್ಯಾಡ್‌ಗಳ ಸುತ್ತ ತಂತಿ, ಟವರ್ ಎಲ್ಲೆಲ್ಲಿವೆ ಅನ್ನೋ ನಕ್ಷೆ. ವರ್ಷಕ್ಕೊಂದು ಅಣಕು ಕಾರ್ಯಾಚರಣೆ, ಅದೂ ಗುಡ್ಡದಲ್ಲಿ, ಕಲೆಕ್ಟರ್ ಕಚೇರಿಯ ಅಂಗಳದಲ್ಲಲ್ಲ. ಸಹ್ಯಾದ್ರಿಯ ಪ್ರತಿ ಕಾಲುದಾರಿ ಬಲ್ಲ ಚಾರಣಿಗರ ರಕ್ಷಣಾ ತಂಡಗಳ ಫೋನ್ ನಂಬರು ತಹಶೀಲ್ದಾರರ ಹತ್ತಿರ.

ಇನ್ನೊಂದು. ಬಾವಧನ್‌ನಲ್ಲಿ ಮಂಜೇ ಕಾರಣ ಅಂತ ನಾನು ಹೇಳೋಕೆ ಹೋಗಲ್ಲ, ಅದು ತನಿಖೆಯವರ ಕೆಲಸ. ಆದ್ರೆ ಮಂತ್ರಿಗಳ ಪ್ರವಾಸ ಪಟ್ಟಿ ಟೈಪ್ ಮಾಡೋದು ರಾಜ್ಯ ಸರಕಾರವೇ ತಾನೇ? ಅದರ ಕೊನೇಲಿ ಒಂದು ಸಾಲು ಸೇರಿಸಲಿ: ಹಾರೋದು ಬೇಡ ಅಂತ ಪೈಲಟ್ ಹೇಳಿದ್ರೆ ಸಾಹೇಬರು ಕಾರಲ್ಲಿ ಬರ್ತಾರೆ. ಪುಣೆಯಿಂದ ಮುಂಬೈಗೆ ಎಕ್ಸ್‌ಪ್ರೆಸ್‌ವೇ ಇದೆ. ನಾವೆಲ್ಲ ಹೋಗೋದು ಅದರಲ್ಲೇ.