ಸ್ಪಷ್ಟನೆ: ಕ್ಯಾಪ್ಟನ್ ಜೆರಿ ಪ್ರೇಮರಾಜ್ ಅವರಿಗೆ ಸಂದದ್ದು ವೀರ ಚಕ್ರ

ಕಾರ್ಗಿಲ್ ವಿಜಯ ದಿನ ಹತ್ತಿರವಾದಂತೆ ಕುಂಬಳೆ, ಬದಿಯಡ್ಕ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ: 'ನಮ್ಮ ಕಾಸರಗೋಡಿನ ಹೆಮ್ಮೆ, ಪರಮವೀರ ಚಕ್ರ ವಿಜೇತ ಕ್ಯಾಪ್ಟನ್ ಜೆರಿ ಪ್ರೇಮರಾಜ್'. ಅಭಿಮಾನ ಸರಿ, ವಿವರ ಎರಡೂ ತಪ್ಪು.

ಅವರ ಊರು ತಿರುವನಂತಪುರ ಜಿಲ್ಲೆಯ ವೆಂಙಾನೂರು, ಅಂದರೆ ಕೇರಳದ ಇನ್ನೊಂದು ತುದಿ. ಸಮಾಜ ಸುಧಾರಕ ಅಯ್ಯಂಕಾಳಿ ಹುಟ್ಟಿದ್ದೂ ಅಲ್ಲೇ. ಆ ಪುಟ್ಟ ಊರಿನ ಹೆಮ್ಮೆಯನ್ನು ನಾವು ಕಸಿದುಕೊಳ್ಳಬೇಕಾಗಿಲ್ಲ.

ಪದಕದ ವಿಷಯ. ಕಾರ್ಗಿಲ್ ಯುದ್ಧಕ್ಕೆ ಪರಮವೀರ ಚಕ್ರ ಪಡೆದವರು ನಾಲ್ವರೇ: ವಿಕ್ರಮ್ ಬಾತ್ರಾ, ಮನೋಜ್ ಕುಮಾರ್ ಪಾಂಡೆ, ಯೋಗೇಂದ್ರ ಸಿಂಗ್ ಯಾದವ್, ಸಂಜಯ್ ಕುಮಾರ್. ಕೊನೆಯ ಇಬ್ಬರು ಬದುಕಿ ಬಂದವರು. ಜೆರಿ ಪ್ರೇಮರಾಜ್ ಅವರಿಗೆ ಮರಣೋತ್ತರವಾಗಿ ಸಂದದ್ದು ವೀರ ಚಕ್ರ. ಯುದ್ಧಕಾಲದ ಶೌರ್ಯಕ್ಕೆ ಪರಮವೀರ, ಮಹಾವೀರದ ನಂತರದ ಪದಕ ಅದು. ಮೂರನೆಯದೆಂದು ಅದನ್ನು ಹಗುರವಾಗಿ ಕಾಣುವವರು ಅವರು ಮಾಡುತ್ತಿದ್ದ ಕೆಲಸವನ್ನು ನೋಡಬೇಕು. ಅವರು ಫಿರಂಗಿ ದಳದ, 158 ಮೀಡಿಯಂ ರೆಜಿಮೆಂಟಿನ ಅಧಿಕಾರಿ. ಫಿರಂಗಿಗಳು ಹಿಂದೆ ಕಿಲೋಮೀಟರುಗಟ್ಟಲೆ ದೂರದಲ್ಲಿದ್ದರೆ, ವೀಕ್ಷಣಾಧಿಕಾರಿ ಕಾಲಾಳುಗಳ ಜತೆ ಶತ್ರುವಿನ ಮುಂದೆಯೇ ಬೆಟ್ಟ ಹತ್ತಿ, ಗುಂಡು ಬಿದ್ದ ಜಾಗ ನೋಡಿ, ರೇಡಿಯೋದಲ್ಲಿ ಗುರಿ ತಿದ್ದಬೇಕು. ದ್ರಾಸ್ ವಲಯದ ಟ್ವಿನ್ ಬಂಪ್ಸ್‌ನಲ್ಲಿ, 1999ರ ಜುಲೈ 7ರಂದು ಅವರು ಹುತಾತ್ಮರಾದದ್ದು ಈ ಕೆಲಸದಲ್ಲಿದ್ದಾಗಲೇ.

ಫ್ಲೆಕ್ಸ್ ಹಾಕಿಸುವವರು ಊರನ್ನೂ ಪದಕವನ್ನೂ ತಿದ್ದಿಯೇ ಮುದ್ರಣಕ್ಕೆ ಕೊಡಲಿ. ಹಳೆಯ ಪೋಸ್ಟರನ್ನು ಫಾರ್ವರ್ಡ್ ಮಾಡಿದವರು ಅದೇ ಗುಂಪಿನಲ್ಲಿ ಇದನ್ನೂ ಹಾಕಲಿ.