ಎಸ್ಪೊಸೀಟೊ ಅಂದ್ರೆ ಯಾರ ಪೈಕಿ?

ನ್ಯೂಜೆರ್ಸಿಯಲ್ಲಿ ಇರುವವರಿಗೆ ಈ ಹೆಸರು ಹೊಸದಲ್ಲ. ಪ್ಲಂಬರ್ ವ್ಯಾನಿನ ಮೇಲೆ ಇರುತ್ತದೆ. ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ ಇರುತ್ತದೆ. ಚುನಾವಣೆ ಬಂತೆಂದರೆ ಮನೆಗಳ ಮುಂದಿನ ಹುಲ್ಲಿನಲ್ಲಿ ನೆಟ್ಟ ಫಲಕಗಳಲ್ಲೂ ಬರುತ್ತದೆ. ಕ್ಯಾಥೊಲಿಕ್ ಸ್ಮಶಾನದ ಬೇಲಿ ಪಕ್ಕ ವಾಕಿಂಗ್ ಹೋದರೆ ಕಲ್ಲುಗಳ ಮೇಲೂ ಸಿಗುತ್ತದೆ. ಎಸ್ಪೊಸೀಟೊ. ಪಿಜ್ಜಾ ಅಂಗಡಿಗಳ ಮಾತಂತೂ ಬಿಡಿ.

ಅಡ್ಡಹೆಸರು ಕಂಡರೆ ಅದರ ಹಿಂದೆ ಬೀಳುವ ಚಾಳಿ ನನಗೆ ಮೊದಲಿಂದ ಇದೆ. ಊರಲ್ಲಿ ಅಜ್ಜಿಯರು ಹೊಸಬರನ್ನು ಜಗುಲಿ ಮೇಲೆ ಕೂರಿಸಿ, ನೀರು ಕೊಟ್ಟು, ಅವರು ಲೋಟ ಕೆಳಗಿಡುವಷ್ಟರಲ್ಲಿ "ನೀವು ಯಾರ ಪೈಕಿ?" ಎಂದು ಕೇಳುತ್ತಿದ್ದರಲ್ಲ, ಅದೇ ಚಾಳಿ. ಅಮೆರಿಕದಲ್ಲಿ ಹಾಗೆಲ್ಲ ಕೇಳುವಂತಿಲ್ಲ. ಹಾಗಾಗಿ ಹೆಸರುಗಳನ್ನೇ ಕೇಳಬೇಕು.

ಇಟಲಿಯವರ ಹೆಸರುಗಳು ಈ ವಿಷಯದಲ್ಲಿ ಬಹಳ ಮಾತುಗಾರ ಹೆಸರುಗಳು. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತವೆ. ಫೆರಾರಿ ಅಂದರೆ ಕಮ್ಮಾರರ ಮನೆಯವರು. ಕೆಂಪು ಕಾರು ಆಮೇಲೆ ಬಂತು. ಮೊಲಿನಾರಿ ಅಂದರೆ ಹಿಟ್ಟು ಬೀಸುವವರು. ರೊಸ್ಸಿ ಅಂದರೆ ಕೆಂಪು ಕೂದಲಿನವರು. ದಕ್ಷಿಣ ಇಟಲಿಯ ಬಾಯಲ್ಲಿ ಅದೇ ರುಸ್ಸೊ ಆಗುತ್ತದೆ, ನಮ್ಮಲ್ಲಿ ಕೆಂಪಣ್ಣ, ಕೆಂಪಯ್ಯ ಇದ್ದ ಹಾಗೆ. ಬೆವಿಲಾಕ್ವಾ ಎಂದೊಂದಿದೆ, 'ನೀರು ಕುಡಿ' ಎಂದರ್ಥ. ವೈನಿನ ದೇಶದಲ್ಲಿ ಒಬ್ಬ ಮನುಷ್ಯನಿಗೆ ಊರವರು ಹೀಗೆ ಹೆಸರಿಡಬೇಕಾದರೆ ಅವನು ಎಂಥ ಪಾಪದವನಿದ್ದಿರಬೇಕು! ನನಗೆ ತುಂಬ ಖುಷಿ ಕೊಟ್ಟಿದ್ದು ಚಿಪೊಲ್ಲಾ. ಚಿಪೊಲ್ಲಾ ಅಂದರೆ ಈರುಳ್ಳಿ. ಹುಬ್ಬಳ್ಳಿ, ಗದಗಿನ ಕಡೆಯ ಉಳ್ಳಾಗಡ್ಡಿ ಮನೆತನದವರೂ ಸಿಸಿಲಿಯ ಚಿಪೊಲ್ಲಾ ಮನೆತನದವರೂ ಎಂದಾದರೂ ಬೀಗರಾದರೆ ಲಗ್ನಪತ್ರಿಕೆ ನೋಡೋಕೆ ಚೆಂದ.

ಹೀಗೆ ಕಸುಬು, ಬಣ್ಣ, ಊರು, ತರಕಾರಿ ಎಲ್ಲ ಹೇಳಿಕೊಳ್ಳುವ ಹೆಸರುಗಳ ನಡುವೆ ಎಸ್ಪೊಸೀಟೊನನ್ನು "ಯಾರ ಪೈಕಿಯಪ್ಪಾ?" ಎಂದು ಕೇಳಿದರೆ ಅದು ಕೊಡುವ ಉತ್ತರ ಬೇರೆಯೇ. ಯಾರ ಪೈಕಿಯೂ ಅಲ್ಲ. ಅದೇ ಅದರ ಅರ್ಥ. ಹೊರಗೆ ಇಟ್ಟು ಹೋದ ಮಗು ಎನ್ನುವುದಕ್ಕೆ ಲ್ಯಾಟಿನ್ನಿನಲ್ಲಿದ್ದ ಮಾತಿನಿಂದ ಬಂದದ್ದು.

ಇದರ ತವರು ದಕ್ಷಿಣ ಇಟಲಿಯ ನೇಪಲ್ಸ್. ಆ ಊರಿನ ಹಳೇ ಗಲ್ಲಿಗಳ ನಡುವೆ, ಫೋರ್ಚೆಲ್ಲಾ ಎನ್ನುವ ಕಡೆ, ಅನ್ನುಂಜಿಯಾತಾ ಎಂಬ ಚರ್ಚು, ಅದಕ್ಕೆ ಸೇರಿದ ಅನಾಥಾಲಯ. ಹದಿನಾಲ್ಕನೇ ಶತಮಾನದಿಂದ ನಡೆದು ಬಂದದ್ದು. ಅದರ ರಸ್ತೆ ಬದಿಯ ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಹಿಂದೆ ಮರದ ಪೀಪಾಯಿಯಂಥದ್ದು, ನಿಂತಲ್ಲೇ ತಿರುಗುವಂತೆ ಕೂರಿಸಿದ್ದು. ಅದಕ್ಕೇ ಚಕ್ರ ಅನ್ನುತ್ತಿದ್ದರು. ಅದರ ಒಂದು ಮಗ್ಗುಲು ಮಾತ್ರ ತೆರೆದಿರುತ್ತದೆ. ತಾಯಿಯೋ ಸೂಲಗಿತ್ತಿಯೋ ಕತ್ತಲಲ್ಲಿ ಬಂದು ಮಗುವನ್ನು ಅದರೊಳಗೆ ಮಲಗಿಸಿ ತಿರುಗಿಸಿದರೆ ಮಗು ಒಳಗಿನ ಕೋಣೆಗೆ ಹೋಗುತ್ತಿತ್ತು. ಇಟ್ಟವರ ಮುಖ ಒಳಗಿನವರಿಗೆ ಕಾಣುವುದಿಲ್ಲ, ಎತ್ತಿಕೊಂಡವರ ಮುಖ ಹೊರಗಿನವರಿಗೆ ಕಾಣುವುದಿಲ್ಲ. ಒಳಗೆ ಹಗಲೂ ರಾತ್ರಿ ಚಕ್ರ ಕಾಯುವ ಹೆಂಗಸೊಬ್ಬಳು ಇರುತ್ತಿದ್ದಳು. ಮಗುವನ್ನು ಎತ್ತಿಕೊಂಡು ತೊಳೆದ ಮೇಲೆ ಗುಮಾಸ್ತ ರಿಜಿಸ್ಟರ್ ತೆಗೆಯುತ್ತಿದ್ದ. ಎಷ್ಟು ಹೊತ್ತಿಗೆ ಬಂತು, ಗಂಡೋ ಹೆಣ್ಣೋ, ನೋಡಿದರೆ ಎಷ್ಟು ದಿನದ್ದು ಅನಿಸುತ್ತದೆ, ಮೈಮೇಲೆ ಯಾವ ಬಟ್ಟೆ, ಜೊತೆಗೆ ಏನಾದರೂ ಇತ್ತೋ ಎಂದೆಲ್ಲ ಬರೆಯುವುದು. ಎಷ್ಟೋ ಮಕ್ಕಳ ಜೊತೆ ಏನಾದರೂ ಇರುತ್ತಿತ್ತು. ಅರ್ಧಕ್ಕೆ ಕತ್ತರಿಸಿದ ಪದಕ, ಹರಿದ ಚಿತ್ರದ ಅರ್ಧ, ಒಂದು ಚೀಟಿ. ಇನ್ನರ್ಧ ತಾಯಿಯ ಹತ್ತಿರ. ಕಾಲ ಕೂಡಿ ಬಂದರೆ ವಾಪಸ್ ಬಂದು ಜೋಡಿಸಿ ತೋರಿಸಿ ಮಗುವನ್ನು ಕರೆದುಕೊಂಡು ಹೋಗಬಹುದು ಎನ್ನುವ ಆಸೆ. ಕೆಲವರು ಬಂದರು ಕೂಡ. ಬಹಳ ಜನ ಬರಲಿಲ್ಲ. ಬಹಳ ಮಕ್ಕಳು ಅಷ್ಟು ದಿನ ಬದುಕಲೂ ಇಲ್ಲ, ಎದೆಹಾಲು ಕೊಡುವವರು ಸಾಲುತ್ತಿರಲಿಲ್ಲ.

ಇವೆಲ್ಲ ಮದುವೆಯ ಹೊರಗೆ ಹುಟ್ಟಿದ ಮಕ್ಕಳೇ ಎಂದುಕೊಳ್ಳಬೇಡಿ. ಐದು ಮಕ್ಕಳಿರುವ ಮನೆಗೆ ಆರನೆಯದು ಬಂದಾಗ, ಬರಗಾಲದ ವರ್ಷ, ಗಂಡ ಸತ್ತ ವರ್ಷ, ಮದುವೆಯಾದ ಹೆಂಗಸರೂ ಆ ಕಿಂಡಿಯ ಹತ್ತಿರ ಬಂದಿದ್ದಾರೆ.

ಮಗುವಿನ ಕೊರಳಿಗೆ ಸೀಸದ ಒಂದು ಮುದ್ರೆ ಕಟ್ಟುತ್ತಿದ್ದರು. ಚರ್ಚಿನಲ್ಲಿ ಒಂದು ಹೆಸರು ಇಡುತ್ತಿದ್ದರು. ಅದರ ಮುಂದೆ ಎಸ್ಪೊಸೀಟೊ. ಊರಿನ ಜನ ಮಾತ್ರ ಈ ಮಕ್ಕಳಿಗೆ 'ಮಡೋನ್ನಾಳ ಮಕ್ಕಳು' ಅನ್ನುತ್ತಿದ್ದರು, ಅಂದರೆ ಮೇರಿ ಮಾತೆಯ ಮಕ್ಕಳು. ಕಛೇರಿಯ ಹೆಸರಿಗಿಂತ ಬೀದಿಯವರು ಕೊಟ್ಟ ಹೆಸರಲ್ಲೇ ಮರ್ಯಾದೆ ಜಾಸ್ತಿ ಇತ್ತು.

1800ರ ದಶಕದ ಶುರುವಿನಲ್ಲಿ ನೇಪಲ್ಸಿಗೆ ರಾಜನಾಗಿ ಬಂದವನು ನೆಪೋಲಿಯನ್ನನ ತಂಗಿಯ ಗಂಡ ಜೋಕಿಂ ಮುರಾ. ಜೀವನಪೂರ್ತಿ ಮನುಷ್ಯನ ಹಣೆ ಮೇಲೆ ಹೀಗೆ ಬರೆದಿಡುವುದು ಸರಿಯಲ್ಲ, ಇನ್ನು ಮೇಲೆ ಎಲ್ಲ ಮಕ್ಕಳಿಗೂ ಇದೇ ಹೆಸರು ಬೇಡ, ಒಂದೊಂದಕ್ಕೆ ಒಂದೊಂದು ಹೆಸರು ಹುಡುಕಿ ಎಂದು ಅವನ ಸರ್ಕಾರ ಹೇಳಿತು. ಒಳ್ಳೆಯ ಕೆಲಸವೇ. ಆದರೆ ಅಷ್ಟರಲ್ಲಿ ಹೊತ್ತು ಮೀರಿತ್ತು. ಶತಮಾನಗಳಿಂದ ಹೆಸರು ಪಡೆದವರು ಬೆಳೆದು, ಮದುವೆಯಾಗಿ, ಅವರ ಮಕ್ಕಳು ಮೊಮ್ಮಕ್ಕಳು ಅದೇ ಹೆಸರು ಹೊತ್ತು ಓಡಾಡುತ್ತಿದ್ದರು. ಆ ಚಕ್ರವನ್ನು ಮುಚ್ಚಿದ್ದು 1875ರಲ್ಲಿ. ಇವತ್ತಿಗೂ ನೇಪಲ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವ ಅಡ್ಡಹೆಸರು ಎಸ್ಪೊಸೀಟೊ. ಮೇಲೆ ಟೊಮೆಟೊ, ಮೊಜರೆಲ್ಲಾ, ತುಳಸಿಯ ಥರದ ಎಲೆ ಉದುರಿಸಿ 1889ರಲ್ಲಿ ರಾಣಿ ಮಾರ್ಗರಿತಾಳಿಗೆ ಪಿಜ್ಜಾ ಮಾಡಿಕೊಟ್ಟ ಎಂದು ಕಥೆ ಹೇಳುತ್ತಾರಲ್ಲ, ಆ ಪಿಜ್ಜಾ ಭಟ್ಟನೂ ರಫಾಯೆಲೆ ಎಸ್ಪೊಸೀಟೊ.

ಬೇರೆ ಊರುಗಳಲ್ಲೂ ಇದೇ ವ್ಯವಸ್ಥೆ, ಬೇರೆ ಹೆಸರು. ಮಿಲಾನಿನ ಆಸ್ಪತ್ರೆಯ ಗುರುತು ಪಾರಿವಾಳ, ಅಲ್ಲಿಯ ಮಕ್ಕಳು ಕೊಲೊಂಬೊ. ಫ್ಲಾರೆನ್ಸಿನಲ್ಲಿ ಇನ್ನೊಚೆಂತಿ, ಅಂದರೆ ಏನೂ ಅರಿಯದವರು. ರೋಮಿನಲ್ಲಿ ಪ್ರೊಯೆತ್ತಿ, ಎಸೆದವರು. ರೋಮಿನ ಗುಮಾಸ್ತರ ಮನಸ್ಸು ಸ್ವಲ್ಪ ಕಲ್ಲು ಅನಿಸುತ್ತದೆ, ಅಲ್ವಾ?

ಸರಿ, ನೇಪಲ್ಸಿನ ಹೆಸರು ನ್ಯೂಜೆರ್ಸಿಯ ಪ್ಲಂಬರ್ ವ್ಯಾನ್ ಹತ್ತಿದ್ದು ಹೇಗೆ? 1880ರಿಂದ 1924ರ ನಡುವೆ ಸುಮಾರು 40 ಲಕ್ಷ ಇಟಾಲಿಯನ್ನರು ಹಡಗು ಹತ್ತಿ ಅಮೆರಿಕಕ್ಕೆ ಬಂದರು. ಹೆಚ್ಚಿನವರು ದಕ್ಷಿಣದವರು. ಕಂಪಾನಿಯಾ, ಕಲಾಬ್ರಿಯಾ, ಸಿಸಿಲಿಯವರು. ಅಲ್ಲಿ ಭೂಮಿ ಯಾರದೋ, ದುಡಿಮೆ ಇವರದ್ದು. ಮೇಲೆ ತೆರಿಗೆ, ಮಲೇರಿಯಾ. ಹೆಚ್ಚಿನ ಹಡಗುಗಳು ಹೊರಡುತ್ತಿದ್ದದ್ದೂ ನೇಪಲ್ಸ್ ಬಂದರಿನಿಂದಲೇ. 1924ರಲ್ಲಿ ಅಮೆರಿಕ ಕೋಟಾ ಕಾನೂನು ತಂದು ಬಾಗಿಲು ಹಾಕಿಕೊಂಡಿತು. ಹಾಗಾಗಿ ಅಮೆರಿಕದ ಇಟಾಲಿಯನ್ ಹೆಸರುಗಳು ಇಡೀ ಇಟಲಿಯ ಲೆಕ್ಕ ಅಲ್ಲ, ದಕ್ಷಿಣದ ಲೆಕ್ಕ. ಇಟಲಿಯಲ್ಲಿ ಮೊದಲ ಸಾಲಿನಲ್ಲಿರುವ ರೊಸ್ಸಿ, ಫೆರಾರಿಗಳನ್ನು ಇಲ್ಲಿ ರುಸ್ಸೊ, ಎಸ್ಪೊಸೀಟೊಗಳು ಹಿಂದೆ ಹಾಕಿದ್ದಾರೆ. ಫೆರಾರಿ ಹೆಸರಿನವರು ಕಡಿಮೆ, ಆ ಹೆಸರಿನ ಪೋಸ್ಟರ್ ಅಂಟಿಸಿಕೊಂಡ ಹುಡುಗರು ಜಾಸ್ತಿ.

ನ್ಯೂಯಾರ್ಕ್ ಬಂದರಿನಲ್ಲಿ ಹಡಗಿಳಿದ ವಲಸಿಗರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪದ ಅಧಿಕಾರಿಗಳು ಬಂದವರ ಹೆಸರನ್ನೆಲ್ಲ ಕೆಡಿಸಿ ಬರೆದರು ಎನ್ನುವ ಕಥೆಯನ್ನು ಇಲ್ಲಿಯ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಚೆನ್ನಾಗಿದೆ, ಆದರೆ ನಿಜವಲ್ಲ. ಹೆಸರಿನ ಪಟ್ಟಿ ಬರೆದು ತರುತ್ತಿದ್ದದ್ದು ಹಡಗಿನವರು, ಅದೂ ಹೊರಡುವ ಬಂದರಿನಲ್ಲೇ. ಎಲ್ಲಿಸ್ ದ್ವೀಪದವರು ಆ ಪಟ್ಟಿ ನೋಡಿ ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳುತ್ತಿದ್ದರು, ಪಕ್ಕದಲ್ಲಿ ದುಭಾಷಿ ಇರುತ್ತಿದ್ದ. ಹೆಸರು ಬದಲಾದದ್ದು ಆಮೇಲೆ. ಸ್ಕೂಲಿನಲ್ಲಿ, ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ. ಎಷ್ಟೋ ಸಲ ತಾವೇ ಬೇಕೆಂದು ಬದಲಿಸಿಕೊಂಡರು.

ಎಸ್ಪೊಸೀಟೊಗಳು ಮಾತ್ರ ಹೆಚ್ಚಿನವರು ಹಾಗೇ ಇಟ್ಟುಕೊಂಡರು. ನನಗೆ ಇದೇ ಸ್ವಾರಸ್ಯ ಅನಿಸುವುದು. ನೇಪಲ್ಸಿನಲ್ಲಿ ಹೆಸರು ಹೇಳಿದ ಕೂಡಲೆ ಎದುರಿನವನಿಗೆ ಗೊತ್ತಾಗುತ್ತದೆ, ನಿಮ್ಮ ಹಿಂದಿನವರಲ್ಲಿ ಯಾರೋ ಆ ಕಿಂಡಿಯಿಂದ ಬಂದವರು ಎಂದು. ಅಮೆರಿಕನ್ನರಿಗೆ ಏನು ಗೊತ್ತು? ಅವರ ಕಿವಿಗೆ ಅದು 'ಓ' ಎಂದು ಮುಗಿಯುವ ಇನ್ನೊಂದು ಇಟಾಲಿಯನ್ ಹೆಸರು, ಅಷ್ಟೇ. ಇಟಲಿಯವರು 'ಎಸ್ಪೋಸಿತೊ' ಎಂದು 'ಪೋ' ಮೇಲೆ ಒತ್ತು ಕೊಟ್ಟರೆ, ಇಲ್ಲಿ 'ಸೀ' ಎಳೆದು ಹೇಳುತ್ತಾರೆ. ಇಟಾಲಿಯನ್ನರನ್ನು ಬೈಯಲು ಇಲ್ಲಿ ಬೇರೆ ಬೈಗುಳಗಳಿದ್ದವು, ಅವಕ್ಕೆ ಹೆಸರಿನ ಅರ್ಥ ಬೇಕಿರಲಿಲ್ಲ. ಮುರಾನ ಕಾನೂನಿನಿಂದ ಆಗದ ಕೆಲಸ ಅಟ್ಲಾಂಟಿಕ್ ದಾಟಿದ್ದರಿಂದ ಆಯಿತು.

ಹೆಸರು ಬೆಳೆಯಿತು. ಬ್ರೂಕ್ಲಿನ್ನಿನಲ್ಲಿ ಮೀಡ್ ಎಸ್ಪೊಸೀಟೊ ವರ್ಷಗಟ್ಟಲೆ ಡೆಮಾಕ್ರಟಿಕ್ ಪಕ್ಷದ ಯಜಮಾನಿಕೆ ಮಾಡಿದ, ಕೊನೆಗೆ ಕೋರ್ಟಿನಲ್ಲಿ ತಪ್ಪಿತಸ್ಥನೂ ಆದ. ಟಿ.ವಿ.ಯಲ್ಲಿ ಕೋಳಿ ಅಂಗಡಿ ನಡೆಸುತ್ತ ತಣ್ಣಗೆ ಜನರನ್ನು ಮುಗಿಸುವ ಪಾತ್ರದಿಂದ ನಮ್ಮ ಹುಡುಗರಿಗೂ ಗೊತ್ತಿರುವ ಜಿಯಾನ್‌ಕಾರ್ಲೊ ಎಸ್ಪೊಸೀಟೊ ಹುಟ್ಟಿದ್ದು ಕೋಪನ್‌ಹೇಗನ್ನಿನಲ್ಲಿ, ಅಪ್ಪ ಇಟಲಿಯವರು, ಅಮ್ಮ ಅಲಬಾಮದ ಕಪ್ಪು ಗಾಯಕಿ. ಐಸ್ ಹಾಕಿಯಲ್ಲಿ ಫಿಲ್ ಮತ್ತು ಟೋನಿ, ಅಣ್ಣ ತಮ್ಮ. ಹುಟ್ಟಿದ್ದು ಕೆನಡಾದಲ್ಲಿ, ಮೆರೆದದ್ದು ಅಮೆರಿಕದಲ್ಲಿ. ಫಿಲ್ ಬಾಸ್ಟನ್ನಿಗೆ ಆಡುತ್ತ 1970–71ರ ಒಂದೇ ಸೀಸನ್ನಿನಲ್ಲಿ 76 ಗೋಲು ಹೊಡೆದ. ತಮ್ಮ ಟೋನಿ ಷಿಕಾಗೊದ ಗೋಲ್‌ಕೀಪರ್. ಅಣ್ಣನ ಕೆಲಸ ಹೊಡೆಯುವುದು, ತಮ್ಮನ ಕೆಲಸ ತಡೆಯುವುದು. ಆ ಕಾಲದಲ್ಲಿ ಬಾಸ್ಟನ್ನಿನ ಕಾರುಗಳ ಹಿಂದೆ ಒಂದು ಸ್ಟಿಕ್ಕರ್ ಇರುತ್ತಿತ್ತು. ಯೇಸು ಉಳಿಸುತ್ತಾನೆ, ಆದರೆ ವಾಪಸ್ ಪುಟಿದ ಚೆಂಡನ್ನು ಎಸ್ಪೊಸೀಟೊ ಗೋಲಿಗೆ ಹೊಡೆಯುತ್ತಾನೆ ಎಂದು. ಇಂಗ್ಲಿಷಿನ 'ಸೇವ್' ಅಂದರೆ ಪಾಪದಿಂದ ಉಳಿಸುವುದೂ ಹೌದು, ಗೋಲು ತಡೆಯುವುದೂ ಹೌದು. (ಐಸ್ ಹಾಕಿಯಲ್ಲಿ ಚೆಂಡಲ್ಲ, ಬಿಲ್ಲೆ. ಇರಲಿ.) ಎಸ್ಪೊಸೀಟೊಗಳು ಮಡೋನ್ನಾಳ ಮಕ್ಕಳು ಅನ್ನುವ ಲೆಕ್ಕ ಹಿಡಿದರೆ ಯೇಸು ಇವನಿಗೆ ದೊಡ್ಡಣ್ಣನೇ ಆಗಬೇಕು. ಮನೆಯೊಳಗಿನ ಪೈಪೋಟಿ ಅದು.

ಹೆಸರಿಲ್ಲದ್ದನ್ನೇ ಹೆಸರು ಮಾಡುವ ಗುಮಾಸ್ತಿಕೆ ನೇಪಲ್ಸಿಗೆ ಮುಗಿಯಿತು ಎಂದು ನಗುವ ಹಾಗಿಲ್ಲ. ಅಡ್ಡಹೆಸರೇ ಇಲ್ಲದ, ಇನಿಷಿಯಲ್ಲಿನಲ್ಲೇ ಜೀವನ ಕಳೆದ ನಮ್ಮ ಹಳೇ ಮೈಸೂರು ಕಡೆಯವರ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಒಂದೇ ಹೆಸರು ಇರುತ್ತದೆ. ಅಮೆರಿಕದ ವೀಸಾದಲ್ಲಿ ಎರಡು ಖಾನೆ ತುಂಬಲೇಬೇಕು. ಆಗ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗಿ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎನ್ನುವುದರ ಗಿಡ್ಡ ರೂಪ. ಆಮೇಲೆ ಅದೇ ಬ್ಯಾಂಕಿಗೆ ಹೋಗುತ್ತದೆ, ಡ್ರೈವಿಂಗ್ ಲೈಸೆನ್ಸಿಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಬಾಗಿಲಿಗೆ ಬಂದು "ಫ್ನೂ?" ಎಂದು ಕೂಗಿದರೆ ಮಂಜುನಾಥನೋ ಶಿವಣ್ಣನೋ ಎದ್ದು ಹೋಗಬೇಕು. ಇನ್ನು 200 ವರ್ಷದ ಮೇಲೆ ಟೆಕ್ಸಾಸಿನಲ್ಲಿ ಫ್ನೂ ಅನ್ನುವ ದೊಡ್ಡ ಮನೆತನವೊಂದು ಇದ್ದರೆ ನನಗೇನೂ ಆಶ್ಚರ್ಯವಿಲ್ಲ.

ಈಗ ಅಮೆರಿಕದಲ್ಲಿ ವಂಶವೃಕ್ಷ ಹುಡುಕುವ ಹುಚ್ಚು ಜೋರಾಗಿದೆ. ಇಟಲಿಯ ಸರ್ಕಾರ ತನ್ನ ಹಳೇ ಜನನ ಮರಣದ ದಾಖಲೆಗಳನ್ನು 'ಆಂತೆನಾತಿ' ಎಂಬ ತಾಣದಲ್ಲಿ ಪುಕ್ಕಟೆ ನೋಡಲು ಇಟ್ಟಿದೆ. ಸ್ಟೇಟನ್ ಐಲೆಂಡಿನಲ್ಲಿ ಕೂತು ಒಬ್ಬ ಎಸ್ಪೊಸೀಟೊ ಅಜ್ಜನಿಂದ ಮುತ್ತಜ್ಜನಿಗೆ, ಅಲ್ಲಿಂದ ಅವನಪ್ಪನಿಗೆ ಹೋಗಬಹುದು. ಆಮೇಲೆ ಎಲ್ಲೋ ಒಂದು ಪುಟದಲ್ಲಿ ಅಪ್ಪನ ಹೆಸರಿನ ಜಾಗ, ಅಮ್ಮನ ಹೆಸರಿನ ಜಾಗ ಎರಡೂ ಖಾಲಿ. ರುಸ್ಸೊ ಆದರೆ ಕೆಂಪು ಕೂದಲಿನ ಒಬ್ಬ ಮುತ್ತಾತನನ್ನು ಕಲ್ಪಿಸಿಕೊಂಡು ಸಮಾಧಾನ ಮಾಡಿಕೊಳ್ಳಬಹುದು. ಎಸ್ಪೊಸೀಟೊಗೆ ಸಿಗುವುದು ಇಷ್ಟು ಗಂಟೆಗೆ, ಹಳೇ ಬಟ್ಟೆಯಲ್ಲಿ ಸುತ್ತಿದ ಒಂದು ಮಗು ಬಂತು ಎನ್ನುವ ಒಂದು ಸಾಲು. ಪಕ್ಕದ ರಸ್ತೆಯ ಎಸ್ಪೊಸೀಟೊ ಬೇಕಾದರೆ ಬಂಧು ಇರಬಹುದು, ಇಲ್ಲದೆಯೂ ಇರಬಹುದು. ಇಬ್ಬರಿಗೂ ಹೆಸರು ಕೊಟ್ಟದ್ದು ರಕ್ತ ಅಲ್ಲವಲ್ಲ.

ಅದರಿಂದ ಯಾರಿಗೂ ಬೇಸರ ಆದಂತೆ ಕಾಣುವುದಿಲ್ಲ. ಬೇಸಿಗೆ ಬಂತೆಂದರೆ ಇಲ್ಲಿಯ ಪಾರ್ಕುಗಳಲ್ಲಿ ಮನೆತನದವರೆಲ್ಲ ಸೇರುವ ಊಟ ನಡೆಯುತ್ತದೆ. ನಲವತ್ತೋ ಐವತ್ತೋ ಜನ, ಎಲ್ಲರಿಗೂ ಒಂದೇ ಬಣ್ಣದ ಟೀಶರ್ಟು, ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ ಎಸ್ಪೊಸೀಟೊ. ಕೂಸಿಗೂ ಅಷ್ಟೇ, ಅಜ್ಜಿಗೂ ಅಷ್ಟೇ. ಅಗಲವಾದ ಅಲ್ಯುಮಿನಿಯಂ ಟ್ರೇಗಳಲ್ಲಿ ಬದನೆಕಾಯಿ, ಸಾಸೇಜು. ಮರದ ಕೆಳಗೆ ಚಿಕ್ಕಪ್ಪ ದೊಡ್ಡಪ್ಪಂದಿರು ನಿಂತು ಗಂಟೆಗಟ್ಟಲೆ ಒಂದೇ ಜಗಳ ಆಡುತ್ತಾರೆ, ಪಾಸ್ತಾಕ್ಕೆ ಸುರಿಯುವ ಆ ಟೊಮೆಟೊ ರಸವನ್ನು ಸಾಸ್ ಅನ್ನಬೇಕೋ ಗ್ರೇವಿ ಅನ್ನಬೇಕೋ ಎಂದು. ಎರಡು ಪಕ್ಷದವರೂ ತಮ್ಮ ಅಜ್ಜಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಅಜ್ಜಿ ಒಬ್ಬಳೇ.