ಇನ್ನೋವಾದ ಒಳ್ಳೆಯ ಹೆಸರು ಯಾರ ದುಡಿಮೆ?

ಟೊಯೋಟಾದ ಇನ್ನೋವಾ ಕೊಳ್ಳಬೇಕೆಂದಿದ್ದೇನೆ, ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಅವರನ್ನು ಷೋರೂಮಿಗೆ ಕಳಿಸುವುದಿಲ್ಲ. ನಿಮ್ಮೂರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಗಿ, ಹಳದಿ ಬೋರ್ಡಿನ ಹಳೆಯ ಗಾಡಿಯ ಚಾಲಕರನ್ನು ಮಾತನಾಡಿಸಿ ಎನ್ನುತ್ತೇನೆ. ಎಂಜಿನ್ ಬಿಚ್ಚಿಸದೆ ನಾಲ್ಕು ಲಕ್ಷ ಕಿಲೋಮೀಟರ್ ಓಡಿಸಿದೆ ಎನ್ನುವವರು ಅಲ್ಲಿ ಸಿಗುತ್ತಾರೆ. ಅವರು ಗಾಡಿಯನ್ನು ಹೊಗಳುವ ರೀತಿಯೇ ಬೇರೆ. ಎಷ್ಟು ಕುದುರೆಶಕ್ತಿ, ಎಷ್ಟು ಏರ್‌ಬ್ಯಾಗ್ ಎಂದು ಶುರು ಮಾಡುವುದಿಲ್ಲ. ಈ ಗಾಡಿಯ ದುಡಿಮೆಯಲ್ಲಿ ಮಗಳ ಇಂಜಿನಿಯರಿಂಗ್ ಮುಗಿಯಿತು, ಊರಲ್ಲಿ ಮನೆಗೆ ತಾರಸಿ ಹಾಕಿಸಿದೆ ಎಂದು ಶುರು ಮಾಡುತ್ತಾರೆ.

ಟೊಯೋಟಾ ಎಂದ ಕೂಡಲೇ ಜಪಾನಿನವರ ಗುಣಮಟ್ಟ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ಆ ಗುಣಮಟ್ಟವನ್ನು ಕಾರ್ಖಾನೆಯಲ್ಲಿ ಕೈಯಾರೆ ಕಟ್ಟಿದವರು ಕಾರ್ಮಿಕರು. ಅದು ನಿಜವೆಂದು ನಮ್ಮ ರಸ್ತೆಗಳಲ್ಲಿ ರುಜುವಾತು ಮಾಡಿದವರು ಚಾಲಕರು. ಕಂಪನಿ ಈ ಮಾತನ್ನು ಮರೆತಾಗೆಲ್ಲ ಪೆಟ್ಟು ತಿಂದಿದೆ ಎಂಬುದು ಅದರ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಖಚಿತವಾಗಿದೆ.

ಈ ಚರಿತ್ರೆ ಶುರುವಾಗುವುದು ಕಾರಿನಿಂದಲ್ಲ, ಮಗ್ಗದಿಂದ. 1867ರಲ್ಲಿ ಹುಟ್ಟಿದ ಸಕಿಚಿ ಟೊಯೋಡಾ ಬಡಗಿಯ ಮಗ. ನೇಯುವವರ ಶ್ರಮ ಕಡಿಮೆ ಮಾಡಬೇಕೆಂದು ಜೀವಮಾನವಿಡೀ ಮಗ್ಗಗಳನ್ನೇ ಸುಧಾರಿಸುತ್ತಾ ಹೋದ ಮನುಷ್ಯ. 1924ರಲ್ಲಿ ಸಿದ್ಧವಾದ ಅವರ ಸ್ವಯಂಚಾಲಿತ ಮಗ್ಗದ ಹೆಚ್ಚುಗಾರಿಕೆ ವೇಗವೊಂದೇ ಆಗಿರಲಿಲ್ಲ. ಒಂದು ಎಳೆ ಕಡಿದರೆ ಸಾಕು, ಮಗ್ಗ ತಾನಾಗಿ ನಿಲ್ಲುತ್ತಿತ್ತು. ಹಾಳಾದ ಬಟ್ಟೆ ಮಾರುದ್ದ ಬೆಳೆಯುವ ಮೊದಲೇ ದೋಷ ಕಣ್ಣಿಗೆ ಬೀಳುತ್ತಿತ್ತು. ಪ್ರತಿ ಮಗ್ಗದ ಮುಂದೆಯೂ ಒಬ್ಬರು ಕಣ್ಣಿಟ್ಟು ಕಾಯಬೇಕಾಗಿರಲಿಲ್ಲವಾದ್ದರಿಂದ ಒಬ್ಬರೇ ಹಲವು ಮಗ್ಗಗಳನ್ನು ನೋಡಿಕೊಳ್ಳಬಹುದಾಗಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಇದರ ಪೇಟೆಂಟ್ ಹಕ್ಕು ಕೊಂಡಿತು. ಪ್ರಪಂಚಕ್ಕೆಲ್ಲ ಜವಳಿ ಯಂತ್ರ ಮಾರುತ್ತಿದ್ದ ಕಂಪನಿಯೇ ಏಷ್ಯಾದ ಒಬ್ಬ ಬಡಗಿಯ ಮಗನಿಂದ ಯಂತ್ರವಿದ್ಯೆ ಕೊಂಡ ಆ ಘಟನೆ ನನಗೆ ಬಹಳ ಇಷ್ಟ.

ಕಾರಿನ ಹುಚ್ಚು ಹಿಡಿದದ್ದು ಸಕಿಚಿಯವರ ಮಗ ಕಿಚಿರೋಗೆ. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದರು. 1936ರಲ್ಲಿ ಎಎ ಎಂಬ ಮೊದಲ ಕಾರು ಮಾರಾಟಕ್ಕೆ ಬಂತು, 1937ರಲ್ಲಿ ಟೊಯೋಟಾ ಮೋಟಾರ್ ಪ್ರತ್ಯೇಕ ಕಂಪನಿಯಾಯಿತು. ಮರುವರ್ಷ ದೊಡ್ಡ ಕಾರ್ಖಾನೆ ಎದ್ದು ನಿಂತ ಊರು ಕೊರೊಮೊ. ಒಂದು ಕಾಲಕ್ಕೆ ಅದು ರೇಷ್ಮೆಯ ಊರು. ರೇಷ್ಮೆ ವ್ಯಾಪಾರ ಕುಸಿದು ಬೇರೆ ಉದ್ಯೋಗಕ್ಕೆ ಕಾಯುತ್ತಿದ್ದ ಜಾಗಕ್ಕೆ ಕಾರ್ಖಾನೆ ಬಂತು. 1959ರಲ್ಲಿ ಊರಿನ ಹೆಸರೇ ಟೊಯೋಟಾ ಎಂದು ಬದಲಾಯಿತು. ರಾಮನಗರದ ಗೂಡಿನ ಮಾರುಕಟ್ಟೆ ನೋಡಿದವರಿಗೆ, ಅದರ ಮಗ್ಗುಲಿನ ಬಿಡದಿಯಲ್ಲೇ ಇದೇ ಕಂಪನಿ ನೆಲೆಯೂರಿದ್ದನ್ನು ಕಂಡವರಿಗೆ ಇದು ಕುತೂಹಲ ಹುಟ್ಟಿಸದೆ ಇರದು.

1950 ಈ ಕಂಪನಿಯ ಅತ್ಯಂತ ಕೆಟ್ಟ ವರ್ಷ. ಯುದ್ಧಾನಂತರದ ಬಿಕ್ಕಟ್ಟಿನಲ್ಲಿ ಮಾರಿದ ಗಾಡಿಗಳ ಹಣ ಬರುತ್ತಿಲ್ಲ, ಬ್ಯಾಂಕುಗಳು ಷರತ್ತು ಹಾಕುತ್ತಿವೆ, ಸಂಬಳ ಕಡಿತ, ಮುಷ್ಕರ. ಕೊನೆಗೆ ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಬಿಡಬೇಕಾಯಿತು. ಯಾರನ್ನೂ ಹೊರಹಾಕುವುದಿಲ್ಲ ಎನ್ನುತ್ತಿದ್ದ ಕಿಚಿರೋ ಅದರ ಹೊಣೆ ಹೊತ್ತು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೇನೆಯಿಂದ ಟ್ರಕ್ಕುಗಳ ಬೇಡಿಕೆ ಬಂದು ಕಂಪನಿ ಉಳಿಯಿತು. ಕಿಚಿರೋ ಮಾತ್ರ ಮರಳಲಿಲ್ಲ, 1952ರಲ್ಲಿ ತೀರಿಕೊಂಡರು. ಕಾರ್ಮಿಕರ ಕೆಲಸ ಹೋದದ್ದಕ್ಕೆ ಒಡೆಯನೂ ಕುರ್ಚಿ ಬಿಟ್ಟ ಈ ಪ್ರಸಂಗವನ್ನು ನಮ್ಮ ಉದ್ಯಮಿಗಳೆಲ್ಲ ಓದಬೇಕು ಎಂದು ನನ್ನ ಮನಸ್ಸು ಹೇಳುತ್ತದೆ.

ಆಮೇಲಿನದು ಹೆಚ್ಚಿನವರಿಗೆ ಗೊತ್ತಿರುವ ಕಥೆ. ತಾಯಿಚಿ ಓಹ್ನೋ ಎಂಬ ಎಂಜಿನಿಯರ್ ಮಗ್ಗದ ಪಾಠವನ್ನು ಕಾರಿನ ಕಾರ್ಖಾನೆಗೆ ತಂದರು. ಸಾಲಿನಲ್ಲಿ ನಿಂತ ಕಾರ್ಮಿಕ ದೋಷ ಕಂಡರೆ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಉತ್ಪಾದನೆ ನಿಲ್ಲಿಸುವುದೇ ಮಹಾಪರಾಧ ಎನ್ನುವ ಕಾಲದಲ್ಲಿ ಒಬ್ಬ ಸಾಮಾನ್ಯ ಕೆಲಸಗಾರನಿಗೆ ಆ ಅಧಿಕಾರ ಕೊಟ್ಟದ್ದು ನನ್ನ ಕಣ್ಣಿಗೆ ಯಾವ ಎಂಜಿನ್ ತಂತ್ರಜ್ಞಾನಕ್ಕಿಂತಲೂ ದೊಡ್ಡ ಆವಿಷ್ಕಾರ. 1957ರಲ್ಲಿ ಅಮೆರಿಕಕ್ಕೆ ಹೋದ ಕ್ರೌನ್ ಕಾರು ಅಲ್ಲಿಯ ಹೆದ್ದಾರಿಯ ವೇಗಕ್ಕೆ ಏಗಲಾರದೆ ಸೋತಿತು. ಕಂಪನಿ ಹಿಂದೆ ಸರಿದು, ತಿದ್ದಿಕೊಂಡು, ಮತ್ತೆ ಹೋಯಿತು. 1966ರ ಕೊರೋಲಾ ಉಳಿದದ್ದನ್ನೆಲ್ಲ ಮಾಡಿತು.

ನಮ್ಮಲ್ಲಿಗೆ ಬರೋಣ. 1980ರ ದಶಕದಲ್ಲಿ ಟೊಯೋಟಾ ದೆಹಲಿಯ ಡಿಸಿಎಂ ಎಂಬ ಕಂಪನಿಯ ಜೊತೆ ಸೇರಿ ಉತ್ತರ ಭಾರತದಲ್ಲಿ ಲಘು ಟ್ರಕ್ ಮಾಡಿದ್ದು ಹೆಚ್ಚು ಕಾಲ ನಡೆಯಲಿಲ್ಲ. ಬೆಂಗಳೂರಿನ ನಂಟು ಬೆಳೆದದ್ದು ಉದ್ಯಮಿ ವಿಕ್ರಂ ಕಿರ್ಲೋಸ್ಕರ್ ಅವರ ಮೂಲಕ, ಅದೂ ಮೊದಲು ಜವಳಿ ಯಂತ್ರಗಳಿಂದ. ಕಾರಿನ ಕಂಪನಿ ಸ್ಥಾಪನೆಯಾದದ್ದು 1997ರಲ್ಲಿ. 2000ದ ಆರಂಭದಲ್ಲಿ ಬಿಡದಿಯಿಂದ ಕ್ವಾಲಿಸ್ ಹೊರಬಂತು.

ಇಂಡೋನೇಷ್ಯಾದ ಕಿಜಾಂಗ್ ಎಂಬ ಗಾಡಿಯ ಭಾರತೀಯ ರೂಪ ಅದು. ಹಳೇ ಕಾಲದ ಡಬ್ಬಿ ಎಂದು ಮೂಗು ಮುರಿದವರು ಬಹಳ ಮಂದಿ. ಟ್ಯಾಕ್ಸಿಯವರು ಮಾತ್ರ ಮೂಗು ಮುರಿಯಲಿಲ್ಲ. ಅವರಿಗೆ ಕಂಡದ್ದು ಮೂರು ಸಾಲು ಸೀಟು, ತಣ್ಣಗೆ ಬೀಸುವ ಎಸಿ, ಬೆಳಿಗ್ಗೆ ಒಂದೇ ಸಲಕ್ಕೆ ಶುರುವಾಗುವ ಡೀಸೆಲ್ ಎಂಜಿನ್. ಬೆಂಗಳೂರಿನ ಕಾಲ್ ಸೆಂಟರುಗಳ ರಾತ್ರಿ ಪಾಳಿಗೆ ಹುಡುಗ ಹುಡುಗಿಯರನ್ನು ಮನೆಯಿಂದ ಹತ್ತಿಸಿಕೊಂಡು ಬಂದು ಬೆಳಗಿನ ಜಾವ ಮರಳಿ ಬಿಟ್ಟ ಗಾಡಿಗಳಲ್ಲಿ ಸುಮೋ ಜೊತೆಗೆ ಎದ್ದು ಕಾಣುತ್ತಿದ್ದುದು ಕ್ವಾಲಿಸ್. ಆ ಕಾಲದ ಬೆಂಗಳೂರಿನ ಚರಿತ್ರೆ ಬರೆಯುವವರು ಐಟಿ ದೊರೆಗಳ ಬಗ್ಗೆ ಎಷ್ಟು ಪುಟ ಬರೆದರೂ ಈ ಚಾಲಕರಿಗೆ ಕೆಲವು ಪುಟ ಮೀಸಲಿಡದಿದ್ದರೆ ಅದು ಅಪೂರ್ಣ.

ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಕ್ವಾಲಿಸ್ ನಿಲ್ಲಿಸಿ 2005ರಲ್ಲಿ ಇನ್ನೋವಾ ತಂದರು. ನಮ್ಮ ಮನೆಯಲ್ಲಿರುವುದು ಆ ಮೊದಲ ತಲೆಮಾರಿನ ಎರಡೂವರೆ ಲೀಟರ್ ಡೀಸೆಲ್ ಗಾಡಿ. ಟ್ಯಾಕ್ಸಿಯಾಗಿ ಓಡಿದ್ದನ್ನು ಕೊಂಡು ಬಿಳಿ ಬೋರ್ಡಿಗೆ ಬದಲಾಯಿಸಿದ್ದು. ಮಂಡಿನೋವಿನ ಅಮ್ಮ ಬೇರೆಯವರ ಜೀಪಿನಂಥ ಎತ್ತರದ ಗಾಡಿಗೆ ಹತ್ತಲಾರರು, ತಗ್ಗಿನ ಕಾರಿನಿಂದ ಏಳಲಾರರು. ಇದರ ಸೀಟು ಅವರ ಸೊಂಟದ ಮಟ್ಟಕ್ಕೇ ಇದೆ. ಬಾಗಿಲು ತೆಗೆದರೆ ಹಾಗೇ ಕುಳಿತು ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ಹಾಸನದಿಂದ ಶಿರಾಡಿ ಘಾಟಿ ಇಳಿದು ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಮನೆಮಂದಿಯೆಲ್ಲ ಹೋಗಿ ಬಂದರೂ ಯಾರಿಗೂ ಮೈಕೈ ನೋವಿಲ್ಲ. ಏಣಿಯಂಥ ಚಾಸಿಯ ಮೇಲೆ ಕೂರಿಸಿದ ಗಾಡಿ ಇಷ್ಟು ಮೆತ್ತಗೆ ಹೋಗುವುದು ಸುಲಭದ ಮಾತಲ್ಲ.

ಕೊಳ್ಳುವಾಗ ಅದರ ಹಿಂದಿನ ಚಾಲಕ ಮಾಲೀಕರು ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಎಂಜಿನ್ ಆಯಿಲ್ ಬದಲಿಸಿದ್ದು, ಡೀಸೆಲ್ ಫಿಲ್ಟರ್, ಕ್ಲಚ್ ಪ್ಲೇಟ್, ಟೈಮಿಂಗ್ ಬೆಲ್ಟ್, ಎಲ್ಲಕ್ಕೂ ಕಿಲೋಮೀಟರ್ ಸಮೇತ ಲೆಕ್ಕ. "ಅಕ್ಕಾ, ಬೆಲ್ಟ್ ಒಂದನ್ನು ಮಾತ್ರ ಮುಂದೂಡಬೇಡಿ. ಮಿಕ್ಕಿದ್ದಕ್ಕೆಲ್ಲ ಈ ಗಾಡಿ ಟೈಮು ಕೊಡುತ್ತದೆ, ಅದಕ್ಕೆ ಕೊಡುವುದಿಲ್ಲ" ಎಂದರು. ಟೊಯೋಟಾ ಕೆಡುವುದೇ ಇಲ್ಲ ಎನ್ನುವವರಿಗೆ ನಾನು ಈ ನೋಟ್‌ಬುಕ್ ತೋರಿಸುತ್ತೇನೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿಗಳ ಹಿಂದೆ ಆಯಿಲ್ಲಿಗೆ ಒಂದು ದಿನ ತಡಮಾಡದ ಇಂಥವರಿದ್ದಾರೆ. ನಾಲ್ಕು ಲಕ್ಷದ ಕೀರ್ತಿಯಲ್ಲಿ ಅರ್ಧ ಅವರದು.

ಇನ್ನು ಪೆಟ್ಟು ತಿಂದ ವಿಚಾರ. 2009-10ರಲ್ಲಿ ಅಮೆರಿಕದಲ್ಲಿ ಆಕ್ಸಲರೇಟರ್ ಪೆಡಲ್ ಮ್ಯಾಟಿಗೆ ಸಿಕ್ಕಿಕೊಳ್ಳುವುದು, ಒತ್ತಿದಲ್ಲೇ ಅಂಟಿಕೊಳ್ಳುವುದು ಎಂಬ ದೂರುಗಳ ಮೇಲೆ ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಕಿಚಿರೋ ಅವರ ಮೊಮ್ಮಗ ಅಕಿಯೋ ಟೊಯೋಡಾ 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕುಳಿತು, ನಾವು ಬೆಳೆದ ವೇಗ ಹೆಚ್ಚಾಯಿತೇನೋ ಎಂಬ ಅರ್ಥದ ಮಾತು ಹೇಳಿ ಕ್ಷಮೆ ಕೇಳಿದರು. ಸುರಕ್ಷತೆಯ ವಿಷಯದಲ್ಲಿ ಗ್ರಾಹಕರ ದಾರಿ ತಪ್ಪಿಸಿದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿಕೊಂಡರು. 2024ರ ಜನವರಿಯಲ್ಲಿ ಮತ್ತೊಂದು. ಡೀಸೆಲ್ ಎಂಜಿನ್‌ಗಳ ಶಕ್ತಿ ಅಳೆಯುವ ಪ್ರಮಾಣೀಕರಣ ಪರೀಕ್ಷೆಯಲ್ಲಿ ಅಕ್ರಮ ನಡೆದಿದೆ ಎಂದು ಬಯಲಾಯಿತು. ಅದು ನಡೆದದ್ದು ಟೊಯೋಟಾ ಇಂಡಸ್ಟ್ರೀಸ್‌ನಲ್ಲಿ, ಅಂದರೆ ಸಕಿಚಿಯವರು ಸ್ಥಾಪಿಸಿದ ಆ ಮಗ್ಗದ ಕಂಪನಿಯಲ್ಲೇ. ನಮ್ಮಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಗಾಡಿಗಳ ರವಾನೆಯನ್ನು ಕೆಲಕಾಲ ನಿಲ್ಲಿಸಿದರು. ಗಾಡಿ ಓಡಿಸಲು ತೊಂದರೆಯಿಲ್ಲ ಎಂದು ಕಂಪನಿ ಹೇಳಿತು, ಓಡಿಸುತ್ತಲೂ ಇದ್ದೇವೆ. ಆದರೂ ಎಳೆ ಕಡಿದರೆ ನಿಲ್ಲುವ ಮಗ್ಗ ಕಟ್ಟಿದ ಮನೆಯಲ್ಲಿ ಗಡುವಿನ ಭಯಕ್ಕೆ ಯಾರೂ ಹಗ್ಗ ಎಳೆಯಲಿಲ್ಲ ಎಂಬುದು ನನಗೆ ನುಂಗಲಾರದ ತುತ್ತು.

ಬಿಡದಿಯ ವಿಷಯದಲ್ಲೂ ನನ್ನ ಬೇಸರ ಇದೇ. 2014ರಲ್ಲಿ ವೇತನ ಮಾತುಕತೆ ಮುರಿದು ಲಾಕ್‌ಔಟ್ ಆಯಿತು. 2020ರ ನವೆಂಬರ್‌ನಲ್ಲಿ ಒಬ್ಬ ನೌಕರನ ಅಮಾನತಿನಿಂದ ಶುರುವಾದ ಜಗಳ ಮತ್ತೆ ಲಾಕ್‌ಔಟ್‌ಗೆ ಹೋಗಿ ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಒತ್ತಡ ಮಿತಿಮೀರಿದೆ ಎಂದು ಕಾರ್ಮಿಕರು ಹೇಳಿದರು, ಇದು ಅಶಿಸ್ತು ಎಂದು ಆಡಳಿತ ಹೇಳಿತು. ಯಾರ ಕಡೆ ಎಷ್ಟು ನ್ಯಾಯವಿತ್ತು ಎಂದು ಹೊರಗಿನ ನಾನು ತೂಗಲಾರೆ. ಆದರೆ ದೋಷ ಕಂಡಾಗ ಸಾಲು ನಿಲ್ಲಿಸುವ ಅಧಿಕಾರ ಪಡೆದ ಕಾರ್ಮಿಕ ತನ್ನ ಮೈಗೆ ಆಗುತ್ತಿಲ್ಲ ಎಂದಾಗಲೂ ಅದೇ ಗೌರವದಿಂದ ಆತನ ಮಾತು ಕೇಳಬೇಕು. ಇದೇ ಆವರಣದಲ್ಲಿ 2007ರಿಂದ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಬಡಮಕ್ಕಳಿಗೆ ಮೂರು ವರ್ಷ ಊಟ ವಸತಿ ಕೊಟ್ಟು ಉಚಿತವಾಗಿ ಕಸುಬು ಕಲಿಸುವ ತರಬೇತಿ ಸಂಸ್ಥೆಯಿದೆ. ಅದನ್ನು ಮನಸಾರೆ ಹೊಗಳುತ್ತೇನೆ. ಹಾಗೆ ಹೊಗಳುವ ಬಾಯಿಗೆ ಇದನ್ನು ಹೇಳುವ ಹಕ್ಕೂ ಇದೆ.

ನನ್ನ ದೊಡ್ಡ ದೂರು ಮಾತ್ರ ಬೆಲೆಯದು. ಇನ್ನೋವಾದ ಈಚಿನ ರೂಪಗಳಾದ ಕ್ರಿಸ್ಟಾ ಆಗಲಿ ಹೈಕ್ರಾಸ್ ಆಗಲಿ, 2024ರಲ್ಲಿ ಷೋರೂಮ್ ಬೆಲೆಯೇ 20 ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಆರಂಭವಾಗುತ್ತಿತ್ತು. ತೆರಿಗೆ, ವಿಮೆ ಸೇರಿದ ಮೇಲೆ ಒಂದೇ ಗಾಡಿ ಇಟ್ಟುಕೊಂಡು ದುಡಿಯುವ ಚಾಲಕನಿಗೆ ಅದರ ಕಂತು ಕಟ್ಟುವುದು ಕನಸು. 2010ರಲ್ಲಿ ಬಂದ ಇಟಿಯೋಸ್ ನೋಡಲು ಸಾದಾ ಎಂದು ಶ್ರೀಮಂತರು ಬಿಟ್ಟರು, ಟ್ಯಾಕ್ಸಿಯವರು ಅಪ್ಪಿಕೊಂಡರು. 2020ರಲ್ಲಿ ಅದನ್ನೂ ನಿಲ್ಲಿಸಿದರು. ಈಗ ಸ್ಟ್ಯಾಂಡಿನಲ್ಲಿ ಎಲ್ಲಿ ನೋಡಿದರೂ ಮಾರುತಿ ಸುಜುಕಿಯ ಎರ್ಟಿಗಾ. ಟೊಯೋಟಾದ ಲಾಂಛನವೇ ಬೇಕೆಂದರೆ ಅದೇ ಎರ್ಟಿಗಾವನ್ನು ರೂಮಿಯನ್ ಎಂಬ ಹೆಸರಿನಲ್ಲಿ ಕೊಳ್ಳಬೇಕು. ಸುಜುಕಿಯ ಗಾಡಿ ಒಳ್ಳೆಯದೇ, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಇಪ್ಪತ್ತು ವರ್ಷ ಹಗಲು ರಾತ್ರಿ ಓಡಿಸಿ ಈ ಹೆಸರನ್ನು ಮನೆಮಾತು ಮಾಡಿದವರಿಗಾಗಿ ಟೊಯೋಟಾ ತಾನೇ ಕೂತು ಒಂದು ಗಾಡಿ ವಿನ್ಯಾಸ ಮಾಡಬಾರದೆ?

ಬಿಡದಿಯಲ್ಲಿ 3,300 ಕೋಟಿ ರೂಪಾಯಿಯ ಮೂರನೆಯ ಕಾರ್ಖಾನೆ, ವರ್ಷಕ್ಕೆ ಒಂದು ಲಕ್ಷ ಗಾಡಿ ಎಂದು 2023ರ ನವೆಂಬರ್‌ನಲ್ಲಿ ಕಂಪನಿ ರಾಜ್ಯ ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಅದರಿಂದ ಇನ್ನಷ್ಟು ಹೈಕ್ರಾಸ್ ಬರಲಿ, ಬೇಡವೆನ್ನುವುದಿಲ್ಲ. ಜೊತೆಗೆ ಏಳು ಜನ ಆರಾಮವಾಗಿ ಕೂರುವ, ಘಾಟಿ ಹತ್ತುವ, ಊರಿನ ಗ್ಯಾರೇಜಿನಲ್ಲೇ ರಿಪೇರಿಯಾಗುವ, ಸ್ಟ್ಯಾಂಡಿನ ಚಾಲಕ ಬ್ಯಾಂಕ್ ಸಾಲ ತೆಗೆದು ಐದು ವರ್ಷದಲ್ಲಿ ತೀರಿಸಬಹುದಾದ ಒಂದು ಗಾಡಿಯೂ ಬರಬೇಕು. ಕ್ವಾಲಿಸ್, ಇನ್ನೋವಾ, ಇಟಿಯೋಸ್ ಇಟ್ಟುಕೊಂಡಿರುವವರು, ಹಿಂದೆ ಓಡಿಸಿದವರು ಕೆಳಗೆ ನಿಮ್ಮ ಅನುಭವ ಬರೆಯಿರಿ. ಎಷ್ಟು ಓಡಿತು, ಏನು ಕೆಟ್ಟಿತು, ಎಷ್ಟು ಖರ್ಚಾಯಿತು ಎಂಬುದೂ ಇರಲಿ. ಇವನ್ನೆಲ್ಲ ಸೇರಿಸಿ ಕಂಪನಿಗೆ ಕನ್ನಡದಲ್ಲೇ ಒಂದು ಪತ್ರ ಬರೆಯಬೇಕೆಂದಿದ್ದೇನೆ.